ನೀಲಿ ಮೆಣಸಿನಕಾಯಿ

“ಹೊಸ ಕಂಪ್ಯೂಟರಿಗೆ ಮೂವತ್ತೆರಡು ಸಾವಿರ. ಈ ಹಳೇದಕ್ಕ ಮೆಮೊರಿ ಹಾಕಸೋಣಂದ್ರ ಅಂಥಾದ್ದು ಈಗ ಸಿಗೋದೇ ಇಲ್ಲಂತ. ಹಳೇ ಸಾಮಾನು ಕೊಳ್ಳೋ ಕಬಾಡಿಯವ ಆರ್ನೂರು ಕೊಡ್ತೀನಂದಾನ,” ಎಂದು ಸುಭದ್ರಾ ಟೀಚರ್ ಬೆರಳು ಮಡಚಿದರು. “ಶನಿವಾರ ಬಂದು ಒಯ್ತಾನ.”

ಗುರುದೇವಿ ಕೀಬೋರ್ಡಿನ ಮೇಲಿಂದ ಕೈ ತೆಗೆಯಲಿಲ್ಲ. ಮಲ್ಕಾಜ್‌ಗಿರಿಯ ಆ ಟ್ಯೂಷನ್ ಕೋಣೆಯಲ್ಲಿದ್ದದ್ದು ಅದೊಂದೇ ಕಂಪ್ಯೂಟರ್. ಮನೆಯಲ್ಲಿದ್ದ ಒಂದು ಫೋನನ್ನು ಅವ್ವ ಕಟ್ಟಡದ ಕೆಲಸಕ್ಕೆ ಹೋಗುವಾಗ ಒಯ್ಯುತ್ತಿದ್ದಳು. ಇದೂ ಹೋದರೆ ಏನನ್ನಾದರೂ ಹುಡುಕಿ ಓದಲು ಅವಳಿಗೆ ಬೇರೆ ದಾರಿ ಇರಲಿಲ್ಲ.

“ಟೈಪ್ ಮಾಡಾಕ ಬರ್ತೈತಲ್ರೀ ಟೀಚರ್?”

“ಬರೇ ಟೈಪ್ ಮಾಡಿ ಏನ್ ಮಾಡ್ತಿ? ಒಂದು ವೆಬ್‌ಸೈಟರ ತೆರಿತೈತೇನು?”

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕಾಶಿನಾಥಜ್ಜ ಕೆಮ್ಮಿದರು. ಪಕ್ಕದ ಮನೆಯವರು. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಹಳೇ ಯಂತ್ರ ಕಂಡರೆ ಸುಮ್ಮನೆ ಬಿಡುವ ಜನವಲ್ಲ.

“ಒಂದು ಸಣ್ಣ ಬ್ರೌಸರ್ ಐತ್ರಿ ಟೀಚರ್. ಭಾಳ ಹಗೂರ. ಹೊಸ ಸಿಸ್ಟಮಿನ ಮ್ಯಾಲ ಓಡ್ತೈತಿ. ಇದರ ಮ್ಯಾಲೂ ಓಡಸಾಕ ಮೂರು ವಾರದಿಂದ ಗುದ್ದಾಡಾಕತ್ತೀನಿ. ಶನಿವಾರದ ತನಕ ತಡಿರಿ.”

“ಸರಿಯಾಗಿ ಓಡಿದ್ರ ಇರಲಿ. ಅರ್ಧಂಬರ್ಧ ಓಡಿದ್ರ ನನಗ ಬ್ಯಾಡ,” ಎಂದರು ಟೀಚರ್.

ಶುಕ್ರವಾರ ಸಂಜೆ ಅಜ್ಜ ಕಂಪ್ಯೂಟರಿನ ಮುಂದೆ ಕೂತಿದ್ದರು, ಪರದೆಯ ಮೇಲೆ ಪ್ರೋಗ್ರಾಮಿನ ಸಾಲುಗಳು ಸರಸರ ಏರುತ್ತಿದ್ದವು. ಗುರುದೇವಿ ರೆಪ್ಪೆ ಬಡಿಯದೆ ಕೂತಿದ್ದಳು. ಗೆಳೆಯ ಬಸು ಅವಳ ಹಿಂದೆ ನಿಂತು ಶೇಂಗಾ ತಿನ್ನುತ್ತಿದ್ದ.

“ಏನಾಗಾಕತ್ತೈತಿ ಅಜ್ಜಾ?” ಎಂದು ಗುರುದೇವಿ ಕೇಳಿದಳು.

“ಮೊದಲು ಕಾಚಿಗೂಡಕ್ಕ ಮೀಟರ್ ಗೇಜ್ ಗಾಡಿ ಬರ್ತಿದ್ವು. ಸಣ್ಣ ಹಳಿ. ದೊಡ್ಡ ಹಳಿಯ ಡಬ್ಬಿ ಅದರ ಮ್ಯಾಲ ಹೋಗ್ತೈತೇನು? ಡಬ್ಬಿ ಅದೇ ಇಟ್ಟು ಗಾಲಿ ಬದಲಸಬೇಕು. ಈ ಬ್ರೌಸರೂ ಹಂಗ, ಹಳೇ ಸಿಸ್ಟಮಿಗೆ ಹೊಂದೋ ಗಾಲಿ ಹಾಕಾಕತ್ತೀನಿ.”

“ಈ ಡಬ್ಬಿ ಯಾರ್ ಮಾಡ್ಯಾರ?”

“ಹತ್ತಾರು ದೇಶದ ಮಂದಿ. ಒಬ್ಬರ ಮಾರಿ ಒಬ್ಬರು ನೋಡಿಲ್ಲ. ಬರದದ್ದನ್ನೆಲ್ಲ ತೆರೆದಿಟ್ಟಾರ. ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು. ಪುಕ್ಕಟೆ.”

“ಸುಳ್ಳು! ಚಾರ್‌ಮಿನಾರ್ ಹತ್ರ ಗಾಡಿ ನಿಲ್ಸಾಕೂ ರೊಕ್ಕ ಕೊಡಬೇಕು,” ಎಂದ ಬಸು.

ಗುರುದೇವಿ ಆ ಸಾಲುಗಳನ್ನೇ ನೋಡಿದಳು. ಒಂದೊಂದನ್ನೂ ಯಾರೋ, ಎಲ್ಲೋ ಕೂತು ಬರೆದಿದ್ದಾರೆ. ಅವರಿಗೆ ಮಲ್ಕಾಜ್‌ಗಿರಿ ಗೊತ್ತಿಲ್ಲ. ಆದರೂ ಅವರು ಬರೆದದ್ದು ಇಲ್ಲಿಗೆ ಬಂದಿದೆ.

ಸಾಲುಗಳು ನಿಂತವು. ಕಿಟಕಿಯೊಂದು ತೆರೆಯಿತು. ಅಜ್ಜ ರೈಲು ಗಾರ್ಡಿನ ಹಸಿರು ಬಾವುಟದ ಚಿತ್ರವಿದ್ದ ಒಂದು ಪುಟ ತೆಗೆದರು. ಹಚ್ಚ ಹಸಿರು!

“ಓಡ್ತು! ಟೀಚರನ್ನ ಕರಕೊಂಡು ಬರ್ತೀನಿ!” ಬರಿಗಾಲಲ್ಲೇ ಹೊರಟರು.

ಗುರುದೇವಿ ಮೆಲ್ಲಗೆ ‘ಮೆಣಸಿನಕಾಯಿ’ ಎಂದು ಟೈಪ್ ಮಾಡಿದಳು. ಸೋಮವಾರದ ಪಾಠ ಅದೇ. ಚಿತ್ರ ಬಂತು. ಅಂಗಳದ ತುಂಬ ಮೆಣಸಿನಕಾಯಿ ರಾಶಿ. ಎಲ್ಲಾ ನೀಲಿ. ರಾಶಿ ಹರಡುತ್ತಿದ್ದ ಹೆಂಗಸಿನ ಮುಖವೂ ನೀಲಿ.

“ನೀಲಿ ಖಾರ!” ಬಸು ಬಿದ್ದು ಬಿದ್ದು ನಕ್ಕ. ಆಮೇಲೆ ಪಿಸುಗುಟ್ಟಿದ, “ಮುಚ್ಚಲೇ! ಟೀಚರ್ ನೋಡಿದ್ರ ನಾಳೆ ಕಬಾಡಿಗೆ ಹೋಗ್ತೈತಿ.”

ಅವಳ ಬೆರಳು ಮೌಸಿನ ಮೇಲಿತ್ತು. ಒಂದು ಸಲ ಒತ್ತಿದರೆ ಸಾಕು, ಬಾವುಟದ ಪುಟ ಮರಳಿ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಇದನ್ನು ಬರೆದ ಅಷ್ಟೊಂದು ಮಂದಿ ಏನನ್ನೂ ಮುಚ್ಚದೆ ಇಟ್ಟಿದ್ದರಲ್ಲ? ಅವಳು ಬೆರಳು ತೆಗೆದಳು.

ಅಜ್ಜನ ಹಿಂದೆಯೇ ಟೀಚರ್ ಬಂದರು.

“ಅಜ್ಜಾ, ಬಣ್ಣ ತಪ್ಪಾಗೈತಿ,” ಎಂದಳು ಗುರುದೇವಿ.

ಅಜ್ಜ ಪರದೆಗೆ ಬಗ್ಗಿ ನೋಡಿದರು. ಆಮೇಲೆ ಹಣೆ ಬಡಿದುಕೊಂಡರು.

“ಪರದೆಗೆ ಗೊತ್ತಿರೋದು ಮೂರೇ ಬಣ್ಣ. ಕೆಂಪು, ಹಸಿರು, ನೀಲಿ, ಸಾಲಾಗಿ ನಿಲ್ತಾವ. ಈ ಹಳೇ ಸಿಸ್ಟಮ್ ಆ ಕಡೆಯಿಂದ ಎಣಸಾಕತ್ತೈತಿ! ತುದಿಯ ಎರಡು ಅದಲು ಬದಲಾಗ್ಯಾವ, ನಡುವಿನ ಹಸಿರು ಇದ್ದಲ್ಲೇ ಐತಿ. ನಾನು ಬರೇ ಹಸಿರು ಬಾವುಟ ನೋಡಿಬಿಟ್ಟೆ.”

“ಗಾರ್ಡ್ ಸಾಹೇಬ್ರ! ಹಸಿರು ಕಂಡ ಕೂಡಲೇ ಗಾಡಿ ಬಿಟ್ರಿ ನೋಡ್ರಿ,” ಎಂದರು ಟೀಚರ್. ಕುರ್ಚಿ ಎಳೆದು ಕೂತರು. “ತಿದ್ರಿ. ನಾ ಕಾಯ್ತೀನಿ.”

ಅಜ್ಜ ತಿದ್ದಿದ್ದು ಒಂದೇ ಸಾಲು. ಮತ್ತೆ ಸಾಲುಗಳು ಏರಿದವು, ನಿಂತವು. ಚಿತ್ರ ಮೇಲಿನಿಂದ ಇಷ್ಟಿಷ್ಟೇ ಇಳಿಯಿತು. ಮೊದಲು ನೀಲಿ ಆಕಾಶ. ಆಮೇಲೆ ಆ ಹೆಂಗಸಿನ ಕಂದು ಮುಖ. ಕೊನೆಗೆ ಕೆಂಪು, ಕೆಂಪು, ಅಂಗಳದ ತುಂಬ ಕೆಂಪು. ಬಸು ಶೇಂಗಾ ಅಗಿಯುವುದನ್ನೇ ಮರೆತ.

ತಿದ್ದಿದ ಆ ಸಾಲನ್ನು ಅಜ್ಜ ಅವತ್ತೇ ಆ ಬ್ರೌಸರಿನ ಮಂದಿಗೆಲ್ಲ ಕಳಿಸಿದರು. ಬೆಳಿಗ್ಗೆ ಪೋಲೆಂಡಿನಿಂದ ಒಬ್ಬ ಉತ್ತರ ಬರೆದಿದ್ದ. ಅವನ ಬಳಿಯೂ ಇಂಥದೇ ಹಳೇ ಕಂಪ್ಯೂಟರ್. ಅಜ್ಜ ಹೋದ ವಾರ ಹಂಚಿದ್ದ ಅರೆಬರೆ ಬ್ರೌಸರನ್ನು ತಾನೇ ಪೂರ್ತಿ ಮಾಡಿ ಹಾಕಿಕೊಂಡಿದ್ದ. ಅದರಲ್ಲಿ ಮಗಳ ಫೋಟೊ ತೆರೆದರೆ ಮುಖ ನೀಲಿ ಕಾಣುತ್ತಿತ್ತಂತೆ. ಪರದೆ ಕೆಟ್ಟಿತೆಂದು ಕಂಪ್ಯೂಟರನ್ನೇ ಎಸೆಯುವುದರಲ್ಲಿದ್ದನಂತೆ.

ಗುರುದೇವಿ ಆ ಉತ್ತರವನ್ನು ಅಜ್ಜನಿಂದ ಎರಡು ಸಲ ಓದಿಸಿ ಕೇಳಿದಳು.

ಹಳೇ ಕಂಪ್ಯೂಟರಿನಲ್ಲಿ ಈಗಲೂ ವಿಡಿಯೊ ಓಡುವುದಿಲ್ಲ. ಓದುವ ಪುಟಗಳು ತೆರೆಯುತ್ತವೆ; ಟೀಚರಿಗೆ ಅಷ್ಟು ಸಾಕಾಯಿತು. ಎರಡು ಕಂಪ್ಯೂಟರ್ ಉಳಿದವು: ಒಂದು ಟ್ಯೂಷನ್ ಕೋಣೆಯಲ್ಲಿ, ಇನ್ನೊಂದು ಅವಳು ನೋಡಿರದ ಊರಿನಲ್ಲಿ.