ಖಾಲಿ ಹೋಗದ ಬುತ್ತಿ ಡಬ್ಬಿ

ಹಾನಗಲ್ಲಿಗೆ ಓದಲು ಬಂದ ಹಳ್ಳಿಯ ಮಕ್ಕಳ ಹಸಿವು ಬಸ್ಸಿನ ದಾರಿ ಕಾಯುತ್ತದೆ. ನಸುಕಿನಲ್ಲೇ ತಾಯಂದಿರು ರೊಟ್ಟಿ ಬಡಿದು, ಪಲ್ಲೆ ತುಂಬಿ, ಡಬ್ಬಿಯನ್ನು ಅರಿವೆಯಲ್ಲಿ ಗಂಟು ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಮಕ್ಕಳು ನಿಲ್ದಾಣದಲ್ಲಿ ಕಾದು ಆ ಬುತ್ತಿಯನ್ನು ಇಳಿಸಿಕೊಳ್ಳುತ್ತಾರೆ. ಸಂಜೆಯ ಬಸ್ಸಿಗೆ ಡಬ್ಬಿ ಊರಿಗೆ ಮರಳುತ್ತದೆ. ಅಬಲೂರಿನ ಹೇಮಾಳಿಗೂ ಮಾಸೂರಿನ ಫಕ್ಕೀರೇಶನಿಗೂ ಹಿರೇಕೆರೂರಿನಿಂದ ಬರುವ ಬಸ್ಸು ಒಂದೇ. ಇಬ್ಬರೂ ಒಂದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದರೂ ಮಾತು ಬೆಳೆದಿರಲಿಲ್ಲ. ಒಂದು ದಿನ ಇಬ್ಬರ ಗಂಟಿಗೂ ಕೆಂಪು ಚೌಕಳಿಯ ಅರಿವೆ ಬಿದ್ದಿತ್ತು.

ಮಧ್ಯಾಹ್ನ ಕಾಲೇಜಿನ ಬೇವಿನ ಮರದ ಕೆಳಗೆ ಹೇಮಾ ಡಬ್ಬಿ ತೆರೆದಾಗ ಅಗಸಿ ಚಟ್ನಿಯ ಜಾಗದಲ್ಲಿ ಹುರಿದ ಕೆರೆ ಮೀನು ಇತ್ತು. ಅವ್ವನಿಗೆ ಇವತ್ತು ಯಾಕೋ ಪ್ರೀತಿ ಉಕ್ಕಿದೆ ಎಂದುಕೊಂಡು ಅವಳು ಎಲ್ಲವನ್ನೂ ತಿಂದು ಮುಗಿಸಿದಳು. ಅಷ್ಟರಲ್ಲಿ ಎತ್ತರದ, ಸಂಕೋಚದ ಹುಡುಗನೊಬ್ಬ ಅವಳ ಡಬ್ಬಿ ಹಿಡಿದು ಎದುರಿಗೆ ನಿಂತ.

“ನನ್ನ ಬುತ್ತಿ ನಿಮ್ಮ ಕಡೆ ಬಂದೈತಿ ಅನಸ್ತೈತ್ರಿ. ಮೀನು ಇತ್ತಲ್ಲ?”

“ಇತ್ತ್ರಿ. ಈಗ ಮುಳ್ಳು ಅದಾವ, ಕೊಡಲೇನು?”

ಫಕ್ಕೀರೇಶ ನಕ್ಕುಬಿಟ್ಟ. ನಗುವಾಗ ಅವನು ಮುಖವನ್ನು ಪಕ್ಕಕ್ಕೆ ತಿರುಗಿಸಿದ, ನಗುವನ್ನೂ ಯಾರಿಂದಲೋ ಕಡ ತಂದವನ ಹಾಗೆ. ಆಮೇಲೆ ಅವಳ ಡಬ್ಬಿಯನ್ನು ಚಾಚಿದ. ಅದರಲ್ಲಿದ್ದುದನ್ನು ಅವನೂ ಉಂಡು ಮುಗಿಸಿದ್ದ. ಹೇಮಾ ಅದನ್ನು ಅಲ್ಲಾಡಿಸಿ ನೋಡಿ ಮರಳಿ ಅವನ ಕೈಗೇ ಇಟ್ಟಳು.

“ಖಾಲಿ ಡಬ್ಬಿ ನಾ ಹೆಂಗ ತಗೊಳ್ಳಲ್ರಿ? ಮತ್ತೊಬ್ಬರ ಮನಿ ಡಬ್ಬಿ ಖಾಲಿ ಕೊಟ್ರ ಋಣ ಹರೀತೈತಿ ಅಂತ ನಿಮ್ಮ ಅವ್ವ ಹೇಳಿಲ್ಲೇನು?”

ಅವನು ಕಿಸೆ ತಡವಿ ಒಂದು ಪೆಪ್ಪರಮೆಂಟ್ ತೆಗೆದು, ದೇವರ ಮುಂದೆ ಇಡುವಷ್ಟು ಜೋಪಾನವಾಗಿ ಡಬ್ಬಿಯೊಳಗೆ ಇಟ್ಟ. “ಈಗ ಆತಲ್ರಿ ಋಣ?”

“ಆತು. ಸಣ್ಣದು.”

ಅಂದಿನಿಂದ ನಿಲ್ದಾಣದಲ್ಲಿ ಬುತ್ತಿ ಇಳಿಸಿಕೊಂಡ ಇಬ್ಬರೂ ಕಾಲೇಜಿಗೆ ಜೊತೆಯಾಗಿ ಸೈಕಲ್ ತುಳಿಯತೊಡಗಿದರು. ಹೇಮಾಳದು ಎಂಟನೆಯ ಇಯತ್ತೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. ಬಣ್ಣ ಹೋದರೂ ಗಂಟೆ ಮಾತ್ರ ಇನ್ನೂ ಊರೆಲ್ಲ ತಿರುಗಿ ನೋಡುವಂತೆ ಮೊಳಗುತ್ತಿತ್ತು. ಕಾಲೇಜು ಊರಿನ ಪಡುವಣ ಅಂಚಿನಲ್ಲಿ, ಬತ್ತದ ಗದ್ದೆಗಳ ಆಚೆ. ಗದ್ದೆಯ ಬಯಲು ಸಿಕ್ಕೊಡನೆ ಫಕ್ಕೀರೇಶ ಅವಳನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದ. ಅಲ್ಲಿಂದ ಕಾಲೇಜಿನವರೆಗೆ ಹೇಮಾಳಿಗೆ ಕಾಣುತ್ತಿದ್ದುದು ಅವನ ಬೆನ್ನು, ಗಾಳಿಗೆ ಉಬ್ಬಿದ ಅಂಗಿ, ಹಿಡಿಕೆಗೆ ತೂಗುವ ಕೆಂಪು ಗಂಟು. ನನ್ನ ಜೊತೆ ಕಾಣಿಸಿಕೊಳ್ಳಲು ನಾಚುತ್ತಾನೆ ಎಂದು ಅವಳು ಒಳಗೊಳಗೇ ನೊಂದುಕೊಳ್ಳುತ್ತಿದ್ದಳು. ಮಾರನೆಯ ದಿನ ಮತ್ತೆ ಆ ಬೆನ್ನಿಗಾಗಿಯೇ ಬೇಗ ಏಳುತ್ತಿದ್ದಳು.

ಆಷಾಢ ಹತ್ತಿರವಾದಾಗ ಹೇಮಾ ಕೋಣೆ ಹುಡುಕಬೇಕಾಯಿತು. ಅವಳು ಉಳಿದಿದ್ದ ಸೋದರತ್ತೆಯ ಮನೆಗೆ ಅತ್ತೆಯ ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಸಿಕ್ಕಿದ್ದು ಎರಡು ಕೋಣೆ. ಒಂದು ನಿಲ್ದಾಣದ ಎದುರಿನ ಬಂದೇಸಾಬರ ಸೈಕಲ್ ಅಂಗಡಿಯ ಮೇಲೆ, ಫಕ್ಕೀರೇಶ ಉಳಿದಿದ್ದ ಓಣಿಗೆ ಹೊಂದಿಕೊಂಡದ್ದು. ಇನ್ನೊಂದು ಕಾಲೇಜಿನ ಎದುರಿಗೇ, ಚೌಡವ್ವನೆಂಬ ಮುದುಕಿಯ ಮನೆಯ ಹಿತ್ತಲಲ್ಲಿ. ಚೌಡವ್ವನ ಮನೆಯಿಂದ ಪಾಠದ ಗಂಟೆ ಕೇಳಿದ ಮೇಲೆ ಹೊರಟರೂ ಸಾಕು, ಸೈಕಲ್ಲೇ ಬೇಡ. ಬಂದೇಸಾಬರ ಕೋಣೆ ಹಿಡಿದರೆ ದಿನವೂ ಬಯಲು ದಾಟಬೇಕು, ಬೆನ್ನು ನೋಡಬೇಕು.

ಮನಸ್ಸಿನಲ್ಲಿ ಆಯ್ಕೆ ಆಗಿಹೋಗಿತ್ತು. ಆದರೂ ಅವನ ಬಾಯಿಂದ ಕೇಳುವ ಆಸೆ.

“ಎರಡರಾಗ ಯಾವುದು ಹಿಡೀಲ್ರಿ?” ಹೇಮಾ ಸೈಕಲ್ಲಿನ ಗಂಟೆಯನ್ನು ದುಪಟ್ಟಾದ ಅಂಚಿನಿಂದ ಒರೆಸುತ್ತ ಕೇಳಿದಳು.

ಫಕ್ಕೀರೇಶ ಹಿಡಿಕೆಯ ಗಂಟನ್ನು ಬಿಗಿ ಮಾಡಿದ. “ಕಾಲೇಜಿನ ಹಂತೇಕನ ಇರ್ರಿ. ಅದ ಛಲೋ.”

“ಮತ್ತ ಬುತ್ತಿ?”

“ನಾ ತಂದು ಕೊಡ್ತೇನಿ. ಸಂಜಿಗೆ ಡಬ್ಬೀನೂ ನಾನ ಬಸ್ಸಿಗೆ ಹಾಕ್ತೇನಿ. ನಿಮಗ್ಯಾಕ ತ್ರಾಸು?”

ಅಷ್ಟು ಸಲೀಸಾಗಿ ಹೇಳಿದನಲ್ಲ! ಹೇಮಾ ಏನೂ ಆಗದವಳಂತೆ ತಲೆಯಾಡಿಸಿ, ಮರುದಿನವೇ ಚೌಡವ್ವನ ಹಿತ್ತಲಿಗೆ ಹಾಸಿಗೆ ಸಾಗಿಸಿದಳು.

ಅಲ್ಲಿ ಎಲ್ಲವೂ ಅನುಕೂಲವಾಗಿತ್ತು, ಅದೇ ಅವಳಿಗೆ ಸಹಿಸಲಾಗಲಿಲ್ಲ. ಸೈಕಲ್ಲು ಗೋಡೆಗೆ ಒರಗಿ ಧೂಳು ತಿಂದಿತು. ಫಕ್ಕೀರೇಶ ಬೆಳಿಗ್ಗೆ ಗಂಟನ್ನು ಕಟ್ಟೆಯ ಮೇಲಿಟ್ಟು ಚೌಡವ್ವನೊಡನೆ ಎರಡು ಮಾತಾಡಿ ಹೋಗುವಾಗ ಹೇಮಾ ಒಳಗೇ ಉಳಿಯುತ್ತಿದ್ದಳು. ಸಂಜೆ ಅವನು ಬರುವ ಮೊದಲೇ ತೊಳೆದ ಡಬ್ಬಿಯನ್ನು ಕಟ್ಟೆಗೆ ಇಟ್ಟು ಮರೆಯಾಗುತ್ತಿದ್ದಳು. ಮೊದಲೆಲ್ಲ ಅದರಲ್ಲಿ ಅವ್ವನಿಗೆಂದು ಬೆಲ್ಲದ ತುಣುಕೋ ಹಿಡಿ ಪುಟಾಣಿಯೋ ಇಡುತ್ತಿದ್ದವಳಿಗೆ ಈಗ ಏನನ್ನೂ ಇಡುವ ಮನಸ್ಸಿರಲಿಲ್ಲ. ಡಬ್ಬಿ ಖಾಲಿಯೇ ಹೋಗುತ್ತಿತ್ತು.

“ಆ ಹುಡುಗ ದಿನಾ ನಿನ್ನ ಬಾಗಲಾ ನೋಡ್ಕೋತ ನಿಂತಿರ್ತಾನ,” ಎಂದಳು ಚೌಡವ್ವ. “ಬಾಗಲಕ್ಕೇನು ಚಿನ್ನಾ ಬಡದೈತೇನವಾ?”

“ನನಗೇನ ಗೊತ್ತಬೇ,” ಎಂದು ಹೇಮಾ ಪುಸ್ತಕ ತೆರೆದಳು. ಪುಸ್ತಕ ತಲೆಕೆಳಗಾಗಿತ್ತು.

ಒಂದು ಸಂಜೆ ಅಬಲೂರಿನಿಂದ ಅವ್ವನ ಫೋನು ಬಂತು.

“ಹೇಮಾ, ಇನ್ನ ಪ್ಯಾರಲ ಹಣ್ಣು ಸಾಕವಾ. ದಿನಾ ಡಬ್ಬಿ ತುಂಬಿ ಕಳಸ್ತಿ, ಮನ್ಯಾಗ ತಿನ್ನವರು ಯಾರದಾರ?”

“ಯಾವ ಪ್ಯಾರಲಬೇ?”

“ನೀ ಕಳಿಸಿದ್ದ! ಬುತ್ತಿ ಅರವ್ಯಾಗೂ ಹಣ್ಣಿನ ವಾಸನಿ ಕುಂತೈತಿ.”

ಹೇಮಾ ಫೋನು ಕೆಳಗಿಟ್ಟಳು. ಒಂದು ಸೀಬೆ ಹಣ್ಣನ್ನೂ ತಾನು ಇಟ್ಟಿರಲಿಲ್ಲ. ಡಬ್ಬಿ ತನ್ನ ಕೈಯಿಂದ ಬಸ್ಸಿಗೆ ಹೋಗುವ ನಡುವೆ ಅದನ್ನು ಮುಟ್ಟುತ್ತಿದ್ದ ಕೈ ಒಂದೇ.

ಮರುದಿನ ಬೆಳಿಗ್ಗೆ ಅವಳು ಸೈಕಲ್ಲಿನ ಧೂಳು ಒರೆಸಿ, ಕಾಲೇಜಿಗೆ ಬೆನ್ನು ಹಾಕಿ, ನಿಲ್ದಾಣದ ಕಡೆಗೆ ಹೊರಟಳು. ಪಡುವಣ ಗಾಳಿ ಅವಳನ್ನು ಬೆನ್ನಿನಿಂದ ನೂಕಿತು. ಫಕ್ಕೀರೇಶ ಬಂದೇಸಾಬರ ಅಂಗಡಿಯ ಮುಂದೆ ಎರಡು ಗಂಟು ಹಿಡಿದು ನಿಂತಿದ್ದ. ಅವಳನ್ನು ಕಂಡಾಗ ಒಂದು ಗಂಟು ಕೈಯಿಂದ ಜಾರಿತು, ಬಗ್ಗಿ ಹಿಡಿದುಕೊಂಡ.

“ನಮ್ಮ ಅವ್ವಗ ನೀವ್ಯಾಕ ಹಣ್ಣು ಕಳಿಸಬೇಕು?”

“ಡಬ್ಬಿ ಹಗೂರ ಇತ್ತ್ರಿ. ಎತ್ತಿದ ಕೂಡ್ಲೆ ತಿಳೀತು.”

“ತಿಳಿದ್ರ?”

“ಖಾಲಿ ಹೋದ್ರ ಋಣ ಹರೀತೈತಿ ಅಂದಾಕಿ ನೀವ. ನೀವು ಮರ್ತೀರೋ, ಬೇಕಂತ ಬಿಟ್ಟೀರೋ ನನಗ ಗೊತ್ತಿಲ್ಲ.” ಅವನ ಧ್ವನಿ ತಗ್ಗಿತು. “ನಿಮ್ಮ ಮನಿ ಋಣ ನನಗ ಬೇಕಾಗೇತಿ.”

ಹೇಮಾಳ ಕೋಪ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿತು. “ಅಷ್ಟು ಬೇಕಾಗಿದ್ರ ಕಾಲೇಜಿನ ಹಂತೇಕ ಇರ್ರಿ ಅಂತ ಯಾಕ ದೂಡಿದ್ರಿ?”

“ಆಷಾಢದ ಗಾಳಿ ಬರೋದಿತ್ತು. ಆ ಗಾಳಿಗೆ ನೀವು ನಿಂತು ನಿಂತು ಪೆಡಲ್ ತುಳಿಯೋದು ನೋಡಾಕ ಆಗ್ತಿರಲಿಲ್ಲ. ಇಲ್ಲೇ ಇರ್ರಿ ಅನ್ನೋ ಮಾತು ತುಟಿಗೆ ಬಂದಿತ್ತು. ಹಂಗಂದಿದ್ರ ಅದು ನನ್ನ ಸಲುವಾಗಿ ಆಗ್ತಿತ್ತು. ನೀವು ಕೇಳಿದ್ದು ನಿಮ್ಮ ಸಲುವಾಗಿ.”

“ಬಯಲಾಗ ಯಾವಾಗ್ಲೂ ಮುಂದ ಓಡ್ತಿದ್ರಲ್ಲ, ಅದು?”

“ಓಡ್ತಿರಲಿಲ್ರಿ. ಗಾಳಿಗೆ ಅಡ್ಡ ಹೋಗ್ತಿದ್ದೆ. ಮುಂದ ಒಬ್ಬರಿದ್ರ ಹಿಂದಿನವರಿಗೆ ಹಗೂರ ಆಗತೈತಿ.”

ಅವಳು ಇಷ್ಟು ದಿನ ಓದಿದ ಆ ಬೆನ್ನನ್ನು ತಪ್ಪಾಗಿ ಓದಿದ್ದಳು. ಹೇಮಾ ತಲೆ ತಗ್ಗಿಸಿದಳು. ಎತ್ತಿದಾಗ ಕಣ್ಣಂಚು ಒದ್ದೆಯಾಗಿ, ತುಟಿಯಂಚು ನಗುತ್ತಿತ್ತು.

“ಇವತ್ತ ಸಂಜಿಗೆ ನಿಮ್ಮ ಡಬ್ಬಿ ನನಗ ಕೊಡ್ರಿ,” ಎಂದಳು. “ಮಾಸೂರಿಗೆ ಏನು ಹೋಗಬೇಕು, ನಾ ಇಡ್ತೇನಿ.”

ಅವನು ಈ ಸಲ ನಗುವಾಗ ಮುಖ ತಿರುಗಿಸಲಿಲ್ಲ.

ಹೇಮಾ ಕೋಣೆ ಬದಲಿಸಲಿಲ್ಲ. ಇದ್ದಲ್ಲೇ ಇದ್ದು, ದಿನವೂ ಬೆಳಿಗ್ಗೆ ನಿಲ್ದಾಣಕ್ಕೆ ಬಂದು, ಅವನೊಡನೆ ಮರಳಿದಳು. ಬಂದೇಸಾಬರು ಪಂಕ್ಚರ್ ತಿದ್ದುತ್ತ ಕೂತಲ್ಲಿಂದಲೇ ಕೂಗುತ್ತಿದ್ದರು: “ಕಾಲೇಜಿನ ಮುಂದ ಮನಿ ಮಾಡಿ, ಕಾಲೇಜಿಗೆ ಹೋಗಾಕ ಊರ ಸುತ್ತಿ ಬರೋ ಹುಡುಗೀನ್ನ ನಾ ಎಲ್ಲೂ ಕಂಡಿಲ್ಲವಾ!”

ಆದರೆ ಅದೆಲ್ಲ ಮುಂದಿನ ಮಾತು. ಅಂದು ಬೆಳಿಗ್ಗೆ ಗದ್ದೆಯ ಬಯಲು ಸಿಕ್ಕಾಗ ಫಕ್ಕೀರೇಶ ರೂಢಿಯಂತೆ ಮುಂದಾಗಲು ಹೋದ. ಹೇಮಾ ಗಂಟೆ ಬಾರಿಸಿ ಅವನಿಗೆ ಅಡ್ಡ ಬಂದಳು.

“ಇವತ್ತ ನಾ ಮುಂದ.”

“ಗಾಳಿ ಭಾಳ ಐತ್ರಿ.”

“ಇರಲಿ. ನೀ ಹಿಂದ ಬಾ.”

‘ನೀ’ ಎಂಬುದನ್ನು ಕೇಳಿ ಅವನ ಸೈಕಲ್ಲು ಒಮ್ಮೆ ವಾಲಿತು. ಹೇಮಾ ಪೆಡಲ್ ಮೇಲೆ ನಿಂತು ತುಳಿದಳು. ಗಾಳಿ ಎದೆಗೆ ಬಡಿದು ಉಸಿರು ಕಟ್ಟಿತು, ದುಪಟ್ಟಾ ಹಿಂದಕ್ಕೆ ಹಾರಿತು, ಕಣ್ಣು ತೆರೆಯುವುದೇ ಕಷ್ಟವಾಯಿತು. ಇಷ್ಟೂ ಗಾಳಿಯನ್ನು ಅವನು ಒಂದು ಮಾತೂ ಆಡದೆ ದಿನವೂ ತನ್ನ ಎದೆಯ ಮೇಲೆ ತೆಗೆದುಕೊಂಡಿದ್ದ. ಹಿಂದಿನಿಂದ ಅವನ ಸೈಕಲ್ಲಿನ ಸದ್ದು ಸಮೀಪದಲ್ಲೇ ಕೇಳುತ್ತಿತ್ತು. ಹೇಮಾ ಬೆನ್ನು ನೆಟ್ಟಗೆ ಮಾಡಿ, ಅವನಿಗೆ ಗಾಳಿ ತಾಗದಂತೆ, ಇನ್ನಷ್ಟು ಗಟ್ಟಿಯಾಗಿ ತುಳಿದಳು.