ಉತ್ತರ ಬಂದು ಇಪ್ಪತ್ತು ದಿನ

"ಅಲ್ರೀ, ಉತ್ತರ ಕೊಟ್ಟು ಇಪ್ಪತ್ತು ದಿನ ಆಯ್ತಲ್ಲ!"

ಮ್ಯಾನೇಜರ್ ಹಾಗಂದಾಗ ಕಾರ್ಮಿಕ ಸಂಘದ ಕಾರ್ಯದರ್ಶಿ ತೆರೆದ ಬಾಯಿ ಮುಚ್ಚಲಿಲ್ಲ. ಕಾಲು ಗಂಟೆಯಿಂದ ಆ ಕೋಣೆಯಲ್ಲಿ ಅವನದೇ ದನಿ. ಕೆಲಸದ ವೇಳೆ ಬದಲಿಸಿಕೊಡಿ ಎಂದು ಕೇಳಿದವರಿಗೆ ಎರಡು ತಿಂಗಳೊಳಗೆ ಉತ್ತರ ಕೊಡಬೇಕೆಂಬ ನಿಯಮವನ್ನು ಓದಿ ಹೇಳಿದ್ದ. ಮೇಜು ಗುದ್ದಿಯೂ ಆಗಿತ್ತು.

ಮ್ಯಾನೇಜರ್ ಫೈಲು ತಿರುಗಿಸಿ ಮುಂದಿಟ್ಟರು. ಮಂಜೂರಾತಿ ಪತ್ರ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರು. ಕೆಳಗೆ, ತಲುಪಿದೆ ಎಂದು ಅರ್ಜಿ ಹಾಕಿದವಳದೇ ಸಹಿ.

"ಏಳು ವಾರ ಕಾಯಿಸಿದ್ದು ನಮ್ಮದೇ ತಪ್ಪು, ಒಪ್ತೀನಿ. ಆದ್ರೆ ಕೊಟ್ಟ ಮೇಲೂ ಬೈದ್ರೆ ಹೇಗೆ? ಅವರು ದಿನಾ ಮೂರಕ್ಕೇ ಹೊರಡ್ತಿದಾರಲ್ಲ, ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅವನು ಹಿಂದಿನ ಕಟ್ಟಡದಲ್ಲಿ ಯಂತ್ರ ರಿಪೇರಿ ಮಾಡುವವನು. ಅವಳು ಮುಂದಿನ ಕಟ್ಟಡದಲ್ಲಿ ಕನ್ನಡಕದ ಗಾಜುಗಳನ್ನು ದೀಪಕ್ಕೆ ಹಿಡಿದು ತಪಾಸಣೆ ಮಾಡುವವಳು. ಯಾರ ಕಣ್ಣಿಗೂ ಬೀಳದ ಗೀರು ಅವಳ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ಕಾರ್ಖಾನೆಗೆಲ್ಲ ಅವಳು ಗೀರಕ್ಕ.

ಪಾರ್ಶ್ವವಾಯು ಬಡಿದ ಅಪ್ಪನಿಗೆ ನಾಲ್ಕು ಗಂಟೆಗೆ ವ್ಯಾಯಾಮ ಮಾಡಿಸುವವರು ಮನೆಗೆ ಬರುತ್ತಿದ್ದರು. ಎತ್ತಿ ನಿಲ್ಲಿಸಲು ಇನ್ನೊಬ್ಬರು ಬೇಕು, ಅಮ್ಮನ ಕೈಲಾಗದು. ಅರ್ಜಿ ಬರೆದುಕೊಟ್ಟವನು ಕಾರ್ಯದರ್ಶಿ. ಆಮೇಲೆ ನಾಲ್ಕು ಜ್ಞಾಪನ ಪತ್ರ.

ದಿನಾ ಸಂಜೆ ಐದೂವರೆಗೆ, ಕೆಲಸ ಬಿಡುವ ಹೊತ್ತಿಗೆ, ಅವಳು ಸಂಘದ ರೂಮಿಗೆ ಬಂದು ಎದುರು ಕೂರುವಳು. "ಅಷ್ಟು ಒತ್ತಿ ಬರೀಬೇಡಿ, ಹಾಳೆಗೆ ನೋವಾಗುತ್ತೆ" ಎಂದು ನಗುವಳು. ಅವಳು ಓದುವಾಗ ಹುಬ್ಬು ಕೊಂಚ ಮೇಲೇರುವುದನ್ನು ನೋಡುತ್ತ ಅವನು ಮುಂದಿನ ವಾಕ್ಯವನ್ನೇ ಮರೆಯುವನು.

ಆ ದಿನವೂ ಸರಿಯಾಗಿ ಐದೂವರೆಗೆ ಬಂದಳು. "ಇನ್ನೂ ಏನೂ ಬಂದಿಲ್ಲ, ಕಾರ್ಯದರ್ಶಿಗಳೇ."

ಅವನು ಮಂಜೂರಾತಿಯ ನಕಲು ಅವಳ ಮುಂದಿಟ್ಟ. ಅವಳ ಮುಖ ಸುಣ್ಣದಂತೆ ಬೆಳ್ಳಗಾಯಿತು.

"ಇವತ್ತು ಮ್ಯಾನೇಜರ್ ಎದುರು ನನ್ನ ಮಾನ ಹರಾಜಾಯ್ತು," ಎಂದ. "ಮೂರಕ್ಕೇ ಕೆಲಸ ಮುಗಿದ್ರೆ ಇಷ್ಟು ಹೊತ್ತು ಎಲ್ಲಿರ್ತೀರಿ?"

"ಮನೆಗೆ ಹೋಗ್ತೀನಿ. ಎರಡು ಬಸ್ಸು. ಅಪ್ಪನ್ನ ನಿಲ್ಲಿಸಿ, ನಡೆಸಿ, ಮಲಗಿಸಿ... ಮತ್ತೆ ಎರಡು ಬಸ್ಸು ಹತ್ತಿ ಬರ್ತೀನಿ."

"ಇಲ್ಲಿಗಾ?"

"ಇಲ್ಲಿಗೇ."

"ಯಾಕೆ?"

"ಉತ್ತರ ಬಂತು ಅಂದುಬಿಟ್ರೆ, ಈ ರೂಮಿಗೆ ಬರೋಕೆ ನನಗೆ ಇನ್ಯಾವ ನೆಪ ಇತ್ತು, ಹೇಳಿ?"

ಸಿಡಿಲು ಹೊಡೆದವನಂತೆ ಅವನು ಕುರ್ಚಿಯಲ್ಲಿ ಕುಸಿದ.  ಇಪ್ಪತ್ತು ದಿನ. ಹೋಗಿ ಬರಲು ದಿನಕ್ಕೆ ನಾಲ್ಕು ಬಸ್ಸು ಹೆಚ್ಚಿಗೆ. ಅವನ ಎದುರು ಅರ್ಧ ಗಂಟೆ ಕೂರಲು.

"ಕ್ಷಮಿಸಿ. ಇನ್ನು ಬರಲ್ಲ," ಎಂದು ಅವಳು ಎದ್ದಳು.

"ಕೂತ್ಕೊಳ್ಳಿ. ನನ್ನದೂ ಒಂದು ತಪ್ಪಿದೆ." ಅವನು ತಲೆ ಎತ್ತಲಿಲ್ಲ. "ಗಡುವು ಮುಗಿದು ಒಂಬತ್ತು ದಿನ ಆಯ್ತು. ಮಾರನೇ ದಿನವೇ ಮ್ಯಾನೇಜರ್ ಹತ್ರ ಹೋಗಬೇಕಿತ್ತು. ಹೋಗಲಿಲ್ಲ."

"ಯಾಕೆ?"

"ಕೆಲಸ ಆಗಿಬಿಟ್ರೆ ನೀವು ಬರಲ್ವಲ್ಲ."

ಈಗ ದಂಗಾಗುವ ಸರದಿ ಅವಳದು. ಕಣ್ಣಲ್ಲಿ ಕೋಪ ಝಗ್ಗನೆ ಹೊತ್ತಿತು. "ಉತ್ತರ ಬಂದಿಲ್ಲ ಅಂತ್ಲೇ ತಿಳ್ಕೊಂಡಿದ್ರಿ ಅಲ್ವಾ? ಅಮ್ಮ ಒಬ್ಬಳೇ ಎತ್ತೋಕೆ ಹೋಗಿ ಅಪ್ಪ ಬಿದ್ದಿದ್ರೆ?"

"ಅದನ್ನೇ ನೆನೆಸಿಕೊಂಡು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದಕ್ಕೇ ಇವತ್ತು ಹೋದೆ."

ಅವಳು ಬಹಳ ಹೊತ್ತು ಅವನನ್ನೇ ನೋಡಿದಳು, ಗಾಜನ್ನು ದೀಪಕ್ಕೆ ಹಿಡಿದು ನೋಡುವ ಹಾಗೆ. ಏನು ಕಂಡಿತೋ, ಬ್ಯಾಗು ಹೆಗಲಿಗೇರಿಸಿ ಬಾಗಿಲ ತನಕ ಹೋಗಿ ನಿಂತಳು.

"ಆರು ಗಂಟೆಗೆ ಬಸ್ಸಿದೆ. ಬನ್ನಿ. ಈ ತಪ್ಪನ್ನ ಅಪ್ಪನ ಹತ್ರಾನೇ ಒಪ್ಕೊಳ್ಳಿ."

ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಮುದುರಿ ಕೂತವನಿಗೆ ಅಂಗೈಯೆಲ್ಲ ಬೆವರು.

"ಅವರು ಏನಂತಾರೋ?"

"ವಾರದಿಂದ ಒಂದೇ ಮಾತು," ಎಂದು ಅವಳು ಕಿಟಕಿಯತ್ತ ತಿರುಗಿದಳು. "ನೀನು ದಿನಾ ಹೋಗಿ ಬರೋ ಬದಲು ಆ ಮನುಷ್ಯನ್ನೇ ಒಂದ್ಸಲ ಕರ್ಕೊಂಡು ಬಾರೇ, ಅಂತ."

 ಕಿಟಕಿಯ ಗಾಜಿನಲ್ಲಿ ಅವಳ ನಗು ಕಂಡಿತು. ಬೆವರಿದ ಅಂಗೈಯೊಳಕ್ಕೆ ಅವಳ ಬೆರಳುಗಳು ಬಂದು ಕೂತವು.