ಜಾವಳಿ ಹುಡುಗನ ಡ್ರ್ಯಾಗನ್

ಮೂಡಿಗೆರೆ ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ಕುಸುಮಾ ಜೀಪಿನ ನಂಬರ್ ಪ್ಲೇಟ್ ಬರೆಯುತ್ತಿದ್ದಳು. ಡೆಟಾಲ್ ವಾಸನೆ ಘಮ್ಮೆಂದು ಬಡಿಯಿತು. ತಲೆಯೆತ್ತಿದರೆ, ಬಾಗಿಲಲ್ಲಿ ಬಕೆಟ್ ಹಿಡಿದ ಹುಡುಗ.

“ಆಸ್ಪತ್ರೆ ಆ ಕಡೆ.”

“ಪೇಷೆಂಟ್ ಬಕೆಟ್ ಒಳಗಿದೆ ಮೇಡಂ!”

ಬಕೆಟ್ಟಿನಲ್ಲಿ ಮೊಳದುದ್ದದ ಪ್ಲಾಸ್ಟಿಕ್ ಡ್ರ್ಯಾಗನ್ ಮುಳುಗಿತ್ತು.

“ಎಂತದು ಮಾರಾಯ್ರೆ ಇದು? ಮಗುವಿಂದಾ?”

“ನಂದೇ,” ಎಂದವನ ಕಿವಿ ಕೆಂಪಾಯಿತು.

ಅವನು ಜಾವಳಿಯ ಕಾಫಿ ಎಸ್ಟೇಟಿನ ಲಿಖಿತ್. ಭಾನುವಾರ ಚಿಕ್ಕಮಗಳೂರಿನಲ್ಲಿ ಗೆಳೆಯರ ಜೊತೆ ಮೇಜಿನ ಮೇಲೆ ಪುಟಾಣಿ ಸೈನ್ಯ ಹೂಡಿ ಯುದ್ಧದ ಆಟ ಆಡುತ್ತಿದ್ದ. ಈ ಡ್ರ್ಯಾಗನ್ನನ್ನು ಮೊದಲು ಇಟ್ಟುಕೊಂಡಿದ್ದವನು ಗೋಡೆಗೆ ಬಳಿದಂತೆ ಬಣ್ಣ ಬಳಿದು, ಒಂದು ಹುರುಪೆಯೂ ಕಾಣದಂತೆ ಮಾಡಿದ್ದ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಇಂಥ ಬೊಂಬೆಗಳಿಗೆ ಬಣ್ಣ ಹಚ್ಚುವ ಸ್ಪರ್ಧೆ.

“ಡೆಟಾಲಲ್ಲಿ ನೆನೆಸಿದ್ರೆ ಹಳೇ ಬಣ್ಣ ಬಿಡತ್ತೆ, ಅದನ್ನ ನಾನು ತೆಗೀತೀನಿ. ಹೊಸದು ನೀವು ಹಚ್ಚಬೇಕು. ಬಸ್ಸಿನ ಹಿಂದೆ ನೀವು ಬರೆದ ನವಿಲು ನೋಡಿದೀನಿ. ನನ್ನ ಜೀಪು ಅದರ ಹಿಂದೇನೇ ಕೊಟ್ಟಿಗೆಹಾರದ ತನಕ ಹೋಗಿತ್ತು.”

ಕುಸುಮಾ ನಕ್ಕುಬಿಟ್ಟಳು. ನಕ್ಕು ಎಷ್ಟೋ ದಿನವಾಗಿತ್ತು. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡು ಕೇಳುವವರೇ ಇರಲಿಲ್ಲ. “ಅಂಗಡಿ ಮುಚ್ಚಿ ಕಂಪ್ಯೂಟರ್ ಕಲಿ,” ಎಂದು ಅಪ್ಪ ಬೊಮ್ಮಯ್ಯ ಹೇಳಿಯೂ ಆಗಿತ್ತು.

ಇಬ್ಬರೂ ಗ್ಲೌಸು ಹಾಕಿಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹಳೇ ಟೂತ್‌ಬ್ರಷ್ ಹಿಡಿದು ಕೂತರು.

“ನೀರು ತಾಗಿಸಬೇಡಿ,” ಎಂದ ಲಿಖಿತ್.

ಅಷ್ಟರಲ್ಲಿ ಅವಳು ಚೊಂಬು ಬಗ್ಗಿಸಿಯಾಗಿತ್ತು. ಬಿಟ್ಟ ಬಣ್ಣವೆಲ್ಲ ಹಲಸಿನ ಮೇಣದಂತೆ ಅಂಟಿಕೊಂಡಿತು. ಡ್ರ್ಯಾಗನ್ನಿಗೆ ಅವಳ ಗ್ಲೌಸು, ಅವಳ ಗ್ಲೌಸಿಗೆ ಅವನದು. ಬಿಡಿಸಿಕೊಳ್ಳಲು ಇಬ್ಬರಿಗೂ ಅವಸರವಿದ್ದಂತೆ ಕಾಣಲಿಲ್ಲ.

ಮತ್ತೆ ಡೆಟಾಲ್, ಮತ್ತೆ ಉಜ್ಜಾಟ. ಒಂದೊಂದೇ ಹುರುಪೆ ಎದ್ದು ಬಂತು. ಕುಸುಮಾ ಹಲ್ಲುಕಡ್ಡಿಯಿಂದ ಅದರ ಕಣ್ಣು ಬಿಡಿಸುತ್ತಿದ್ದಾಗ ಲಿಖಿತ್ ಅವಳನ್ನೇ ನೋಡುತ್ತಿದ್ದ.

“ಡ್ರ್ಯಾಗನ್ ಇಲ್ಲಿದೆ.”

“ಗೊತ್ತು,” ಎಂದ ಅವನು, ನೋಟ ಕದಲಿಸದೆ.

ಅವನಿಗೆ ಕೆಂಪು ಬೇಕಿತ್ತು. “ಕೆಂಪು ಎಲ್ರೂ ಹಚ್ತಾರೆ,” ಎಂದು ಅವಳು ಮಳೆ ನಿಂತ ಮೇಲಿನ ದೇವರಮನೆ ಗುಡ್ಡದ ಹಸಿರನ್ನು ಕಲೆಸಿದಳು. ತೆಳ್ಳಗೆ, ಪದರದ ಮೇಲೆ ಪದರ. ಬೆನ್ನಿನ ಹಸಿರು ರೆಕ್ಕೆಯ ತುದಿಗೆ ಬರುವಷ್ಟರಲ್ಲಿ ಮಂಜಾಗಿ ಕರಗಿತು.

ಅದನ್ನು ನೋಡಲು ಬಂದ ಗೆಳೆಯನೊಬ್ಬ, “ಲಿಖಿತ್, ನೀನೇ ಗೆಲ್ಲೋದು ಮಾರಾಯ!” ಎಂದ. ಬಣ್ಣ ಹಚ್ಚಿದ್ದು ಯಾರೆಂದು ಹೇಳದೆ ಲಿಖಿತ್ ಸುಮ್ಮನೆ ನಕ್ಕ. ಕುಸುಮಾಗೆ ಆ ನಗು ಚುಚ್ಚಿತು.

“ಕೆಲಸ ಮುಗೀತು. ತಗೊಂಡು ಹೋಗಿ,” ಎಂದು ಬೆನ್ನು ತಿರುಗಿಸಿದಳು.

ಸ್ಪರ್ಧೆಯ ದಿನ ನಸುಕಿನಲ್ಲೇ ಜೀಪು ಅವಳ ಮನೆಮುಂದೆ ನಿಂತಿತ್ತು.

“ನೀವು ಬರದೇ ಇದ್ರೆ ಇದು ಇಲ್ಲೇ ಇರತ್ತೆ,” ಎಂದು ಲಿಖಿತ್ ಡ್ರ್ಯಾಗನ್ನನ್ನು ಜಗಲಿ ಮೇಲಿಟ್ಟು ಪಕ್ಕದಲ್ಲೇ ಕೂತುಬಿಟ್ಟ. ಬೊಮ್ಮಯ್ಯನೇ ಮಗಳನ್ನು ಒಪ್ಪಿಸಿ ಹೊರಡಿಸಿದ.

ಬೆಂಗಳೂರಿನ ಹಾಲಿನಲ್ಲಿ ಮೇಜಿನ ತುಂಬ ಕೆಂಪು ಡ್ರ್ಯಾಗನ್ನುಗಳೇ. ಜಡ್ಜ್ ಹಸಿರಿನ ಮುಂದೆ ನಿಂತವರು ಕದಲಲಿಲ್ಲ.

“ಯಾರದಿದು?”

“ಇವರದು ಸಾರ್, ಕುಸುಮಾ ಅಂತ,” ಲಿಖಿತ್ ಇಡೀ ಹಾಲಿಗೆ ಕೇಳುವಂತೆ ಹೇಳಿದ. “ನಾನು ಉಜ್ಜಿದವನು ಅಷ್ಟೆ.”

“ಈ ಹಸಿರು ಎಲ್ಲಿ ಸಿಕ್ತಮ್ಮ?”

“ನಮ್ಮ ಗುಡ್ಡದಲ್ಲಿ ಸಾರ್,” ಎಂದಳು. ತಲೆ ತಗ್ಗಲಿಲ್ಲ.

ಮೊದಲ ಬಹುಮಾನಕ್ಕೆ ಅವಳ ಹೆಸರು ಕೂಗಿದಾಗ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದವನು ಲಿಖಿತ್. ತಮ್ಮ ಸೈನ್ಯಕ್ಕೂ ಬಣ್ಣ ಹಚ್ಚಿಕೊಡಿ ಎಂದು ಹುಡುಗರು ಅವಳನ್ನು ಮುತ್ತಿಕೊಂಡರು. ಅಂಗಡಿ ಮುಚ್ಚುವ ಮಾತು ಅಲ್ಲಿಗೇ ಮುಗಿಯಿತು.

ಹೊರಗೆ ಬಂದಾಗ ಅವನ ಫೋನು ಬಡಿದುಕೊಳ್ಳುತ್ತಿತ್ತು.

“ಅಪ್ಪನ ಫೋನು,” ಎಂದ. “ನಿಮ್ಮನ್ನ ಮದುವೆ ಆಗ್ಬೇಕು ಅಂತ ನಿನ್ನೆ ಹೇಳಿದ್ದೆ. ಹುಡುಗಿ ಒಪ್ಪಿದ್ಲೇನೋ ಅಂದ್ರು. ಕೇಳೋಕೆ ಧೈರ್ಯ ಆಗಿಲ್ಲ ಅಂದೆ.”

ಕುಸುಮಾ ಅವನನ್ನೊಮ್ಮೆ ನೋಡಿದಳು, ಕೂಗುತ್ತಿದ್ದ ಫೋನನ್ನೊಮ್ಮೆ ನೋಡಿದಳು. ಟ್ರೋಫಿಯನ್ನು ಅವನ ಕೈಗೆ ತುರುಕಿ ಫೋನು ಕಿತ್ತುಕೊಂಡಳು.

“ನಮಸ್ಕಾರ. ನಾನು ಕುಸುಮಾ. ಗೆದ್ವಿ. ಮತ್ತೆ… ನಾನು ಒಪ್ಪಿದೀನಿ.”